ಕುಡಿಯುವವರಿಲ್ಲದ ಜಿಲ್ಲೆ

ಆ ವರ್ಷ ಕೊಡಗಿನಲ್ಲಿ ಕುಡಿಯುವವರು ಯಾರೂ ಇರಲಿಲ್ಲ. ಸರಕಾರವೇ ಹಾಗೆ ಹೇಳಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷವಾಗಿತ್ತು. ಹೆಚ್ಚುಕಡಿಮೆ ಅಷ್ಟೇ ವರ್ಷದಿಂದ ಪಾನನಿರೋಧವೂ ಇತ್ತು. ಸಾರಾಯಿ ಅಂಗಡಿಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಆದ್ದರಿಂದ ಕುಡಿತ ನಿಂತಿತ್ತು.

ಗಾಳಿಬೀಡಿನಿಂದ ಆಚೆ ಎರಡು ಗುಡ್ಡ ದಾಟಿದರೆ ಬೆಳ್ಳಿಯಪ್ಪನವರ ಕಾಫಿ ತೋಟ. ತೋಟದ ಕೆಳಗಿನ ಅಂಚಿನಲ್ಲಿ ಒಂದು ತೊರೆ. ತೊರೆಯ ಪಕ್ಕದ ಬಿದಿರು ಮೆಳೆಯೊಳಗೆ ಒಂದು ತಾಮ್ರದ ಹಂಡೆ. ಪಾನನಿರೋಧ ಬರುವ ಮೊದಲು ಬೆಳ್ಳಿಯಪ್ಪನವರು ಪೇಟೆಯ ಸಾರಾಯಿ ಅಂಗಡಿಯ ಗುತ್ತಿಗೆದಾರರಾಗಿದ್ದರು. ಕಾನೂನು ಬಂದ ಮೇಲೆ ಗುತ್ತಿಗೆ ಬಿಟ್ಟರು. ಸಾರಾಯಿ ಬಿಡಲಿಲ್ಲ.

ಆ ಹಂಡೆಯ ಮುಂದೆ ಕೂರುವವಳು ಮುದ್ದಿ. ಎರವರ ಬುಡಕಟ್ಟಿನ ಹೆಂಗಸು. ವಯಸ್ಸು ನಲವತ್ತೋ ನಲವತ್ತೈದೋ, ಯಾರೂ ಬರೆದಿಟ್ಟಿಲ್ಲ.

ಭಟ್ಟಿ ಇಳಿಸುವುದು ಬೆಳಗಿನ ಹೊತ್ತು. ಆಗ ಹೊಗೆ ಯಾವುದು ಮಂಜು ಯಾವುದು ತಿಳಿಯುವುದಿಲ್ಲ. ಮುದ್ದಿ ಸೌದೆ ಹೊರುತ್ತಾಳೆ. ನೀರು ಹೊರುತ್ತಾಳೆ. ಕೊಳೆಸಿದ ಬೆಲ್ಲದ ನೀರನ್ನು ಹಂಡೆಗೆ ಸುರಿಯುತ್ತಾಳೆ. ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ. ಕಡಿಮೆಯಾದರೆ ಹನಿ ಇಳಿಯುವುದಿಲ್ಲ. ಇದನ್ನೆಲ್ಲ ಯಾರಾದರೂ ಕಲಿಯಬಹುದು. ಮುದ್ದಿಯ ನಿಜವಾದ ಕೆಲಸ ನಾಲಿಗೆಯದು. ಇಳಿದ ಸಾರಾಯಿಯನ್ನು ಬೆಂಕಿಗೆ ಎರಚಿದರೆ ಭಗ್ಗನೆ ಉರಿಯುತ್ತದೆ. ಅದರಿಂದ ಖಾರ ತಿಳಿಯುತ್ತದೆ, ರುಚಿ ತಿಳಿಯುವುದಿಲ್ಲ. ತಳ ಹಿಡಿದಿದೆಯೋ, ಹುಳಿ ಉಳಿದಿದೆಯೋ, ತಾಮ್ರದ ಕಿಲುಬು ಇಳಿದಿದೆಯೋ ಎಂದು ಬಾಯಿಯೇ ಹೇಳಬೇಕು. ಒಂದು ಹಂಡೆಗೆ ಮೂರು ಸಲ. ದಿನಕ್ಕೆ ಎರಡು ಹಂಡೆ. ವಾರಕ್ಕೆ ಮೂರು ದಿನ. ಹೀಗೆ ಆರು ವರ್ಷ. ಅವಳು ರುಚಿ ನೋಡಿ ಹೇಳಿದ ಮೇಲೆಯೇ ಸೀಸೆಗಳು ಹಂಚಿಕೆಯಾಗುತ್ತಿದ್ದವು. ಒಳ್ಳೆಯದು ಸಾವುಕಾರ ಬೆಳ್ಳಿಯಪ್ಪನವರ ನೆಂಟರಿಗೆ. ಸಾಧಾರಣದ್ದು ಪೇಟೆಗೆ. ಕೆಟ್ಟದ್ದು ಲೈನುಮನೆಗಳಲ್ಲಿರುವ ತೋಟದ ಆಳುಗಳಿಗೆ, ಮಳೆಯಲ್ಲಿ ಅರ್ಧ ಗಂಟೆ ಹೆಚ್ಚು ದುಡಿದರೆ ಸಂಜೆ ಒಂದು ಲೋಟ, ಚಳಿಗೆ ಅಂತ.

ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಮುದ್ದಿಯ ಹೆಸರಿನ ಮುಂದೆ ಕಳೆ ಕೀಳುವುದು ಎಂದು ಬರೆದಿತ್ತು.

ಮೊದಮೊದಲು ಅವಳು ಉಗುಳುತ್ತಿದ್ದಳು. ಉಗುಳಿದರೆ ಗಂಟಲಿನ ಉರಿ ಹೇಗೆ ಗೊತ್ತಾಗುತ್ತದೆ ಎಂದು ತೋಟದ ಲೆಕ್ಕ ಬರೆಯುವ ರೈಟರ್ ದೇರಪ್ಪ ಬೈದ. ನುಂಗಿದಳು. ಎರಡನೆಯ ವರ್ಷ ಭಟ್ಟಿ ಇಲ್ಲದ ದಿನವೂ ಬೇಕಾಯಿತು. ನಾಲ್ಕನೆಯ ವರ್ಷ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗತೊಡಗಿತು. ಒಂದು ಗುಟುಕು ಬಿದ್ದರೆ ನಿಲ್ಲುತ್ತಿತ್ತು. ಆರನೆಯ ವರ್ಷ ಬಿದ್ದರೂ ನಿಲ್ಲಲಿಲ್ಲ.

ಮುದ್ದಿಗೆ ಇನ್ನೊಂದು ಕೆಲಸವಿತ್ತು. ಅದು ಯಾವ ಚೆಕ್‌ರೋಲಿನಲ್ಲೂ ಇಲ್ಲ. ಲೈನಿನಲ್ಲಿ ಹೆರಿಗೆಯಾದರೆ ಕೂಸು ಹಿಡಿಯುವವಳು ಅವಳು. ಆ ಲೈನಿನ ಹದಿನೆಂಟು ಮನೆಗಳಲ್ಲಿ ಓಡಾಡುವ ಮಕ್ಕಳೆಲ್ಲ ಮೊದಲು ಬಿದ್ದದ್ದು ಅವಳ ಅಂಗೈಗೆ. ಆ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಕೂಸು ಅಂಗೈಗೆ ಬಿದ್ದು ಅಲ್ಲಿಂದ ಜಾರಿತು. ಕೆಳಗೆ ಗೋಣಿ ಇತ್ತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಎಲ್ಲರೂ ನೋಡಿದರು. ಮಗಳು ಕಾಳಿಯೂ ನೋಡಿದಳು. ಕಾಳಿ ಆಗ ಐದು ತಿಂಗಳ ಬಸುರಿ.

"ಅವ್ವಾ, ನನ್ನ ಹೆರಿಗೆಗೆ ನೀನು ಬರ್ಬೇಡ" ಎಂದಳು ಕಾಳಿ.

"ಮತ್ತೆ ಯಾರು ಬರ್ತಾರೆ?"

"ಯಾರೂ ಬೇಡ. ಗೋಡೆ ಹಿಡ್ಕೊಂಡು ಹೆರ್ತೇನೆ. ಗೋಡೆ ನಡುಗೋದಿಲ್ಲ."

ಮುದ್ದಿ ಕುಡಿಯಬಾರದು ಎಂದು ಎರಡು ದಿನ ಬಿಟ್ಟಳು. ಮೂರನೆಯ ದಿನ ಭಟ್ಟಿ ಇತ್ತು.

ಕೋವಿಗೆ ಪೂಜೆ ಮಾಡುವ ಕೈಲುಮುಹೂರ್ತದ ಹಬ್ಬಕ್ಕೆ ಸಾವುಕಾರರ ತಮ್ಮ ಸುಬೇದಾರ್ ನಾಣಯ್ಯ ಹೆಂಡತಿಯ ಜೊತೆ ಬಂದರು. ಹಿಂದಿನ ವರ್ಷ ಇದೇ ಹಬ್ಬದಲ್ಲಿ ಕುಡಿದು ಕೋವಿಯ ಮೇಲೆಯೇ ಬಿದ್ದು ಹಲ್ಲು ಮುರಿದುಕೊಂಡವರು. ಈ ಸಲ ಹಿರಿಯರಿಗೆ ಎಡೆ ಇಟ್ಟ ಮೇಲೆ ಎಲ್ಲರ ಕೈಗೂ ಲೋಟ ಬಂತು. ನಾಣಯ್ಯ ಕಾಫಿ ಕುಡಿದರು. ನೆಂಟರು ನಕ್ಕರು. ಅವರು ಇನ್ನೊಂದು ಲೋಟ ಕಾಫಿ ಕೇಳಿದರು.

ಮರುದಿನ ಬೆಳಿಗ್ಗೆ ಮುದ್ದಿ ಸಾವುಕಾರರ ಬಂಗಲೆಯ ಹಿಂದಿನ ಅಂಗಳದಲ್ಲಿ ಹಬ್ಬದ ಪಾತ್ರೆ ತಿಕ್ಕುತ್ತಿದ್ದಳು. ನಾಣಯ್ಯನವರ ಹೆಂಡತಿ ಪೊನ್ನಮ್ಮ ಜಗಲಿಗೆ ಬಂದು ಗಂಡನ ಕೈಗೆ ಒಂದು ಬಿಳಿ ಮಾತ್ರೆ ಹಾಕಿದರು.

"ನುಂಗಿ. ಬಾಯಿ ತೆಗೀರಿ. ನಾಲಿಗೆ ಎತ್ತಿ."

ಎರಡು ಯುದ್ಧ ನೋಡಿ ಬಂದ ಸುಬೇದಾರರು ನಾಲಿಗೆ ಎತ್ತಿ ತೋರಿಸಿದರು.

ಗಂಡ ಒಳಗೆ ಹೋದ ಮೇಲೆ ಮುದ್ದಿ ಕೈಯ ಬೂದಿ ಒರೆಸಿಕೊಂಡು ಎದ್ದಳು. "ಅಮ್ಮಾ, ಅದು ಎಂಥ ಮಾತ್ರೆ?"

"ಕುಡಿಯುವುದು ಬಿಡ್ಲಿಕ್ಕೆ. ಇದು ಹೊಟ್ಟೆಯಲ್ಲಿದ್ದಾಗ ಒಂದು ಗುಟುಕು ಕುಡಿದ್ರೂ ಮೈಯೆಲ್ಲ ಕೆಂಪಾಗಿ, ಎದೆ ಹೊಡ್ಕೊಂಡು, ಕಕ್ಕಿ ಕಕ್ಕಿ ಸಾಯುವ ಹಾಗಾಗ್ತದೆ. ಆ ಹೆದರಿಕೆಗೇ ಮುಟ್ಟುವುದಿಲ್ಲ."

"ಕೈ ನಡುಗೋದು ನಿಲ್ತದಾ?"

"ಇವರದ್ದು ನಿಂತಿತು. ಈಗ ಕೋವಿ ಹಿಡೀತಾರೆ. ಯಾಕೆ, ಯಾರಿಗೆ?"

"ನಂಗೆ. ಒಂದು ನಾಲ್ಕು ಕೊಡ್ತೀರಾ ಅಮ್ಮಾ?"

ಪೊನ್ನಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಕೆಟ್ಟ ಹೆಂಗಸಲ್ಲ. "ಮಿಲಿಟರಿ ಆಸ್ಪತ್ರೆಯಿಂದ ಲೆಕ್ಕ ಹಾಕಿ ಕಳಿಸ್ತಾರೆ ಮುದ್ದಿ. ಕೊಡ್ಲಿಕ್ಕಾಗುವುದಿಲ್ಲ. ಡಾಕ್ಟರ ಚೀಟಿ ಇದ್ರೆ ಅಂಗಡಿಯಲ್ಲೂ ಸಿಗ್ತದೆ. ಪೇಟೆ ಆಸ್ಪತ್ರೆಗೆ ಹೋಗಿ ಚೀಟಿ ಬರೆಸ್ಕೊ. ಅದೇನು ದೊಡ್ಡ ಕೆಲಸ ಅಲ್ಲ."

ಮುದ್ದಿ ಅದನ್ನು ನಂಬಿದಳು.

ಪೇಟೆ ಆರು ಮೈಲಿ. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ಒಂದು ಸರಕಾರಿ ಆಸ್ಪತ್ರೆ, ಒಂದು ಪೊಲೀಸ್ ಠಾಣೆ, ಒಂದು ಔಷಧಿ ಅಂಗಡಿ ಇದ್ದವು. ಅಷ್ಟಿರುವ ಪೇಟೆಗಳು ಬಹಳ ಇವೆ. ಸಂತೆಯ ದಿನ ಕೆಲಸ ತಪ್ಪಿಸಿ ಅವಳು ಹೋದಳು. ಆಸ್ಪತ್ರೆಯಲ್ಲಿ ಬೆಂಚಿತ್ತು. ಬೆಂಚಿನ ಮೇಲೆ ಚಪ್ಪಲಿ ಹಾಕಿದವರು ಕೂತಿದ್ದರು. ಮುದ್ದಿ ನೆಲದ ಮೇಲೆ ಕೂತಳು. ಮಧ್ಯಾಹ್ನ ಕಂಪೌಂಡರ್ ಅವಳನ್ನು ಕರೆದ. ಹಾಸನದ ಕಡೆಯವನು, ಗಟ್ಟಿ ಗಂಟಲು.

"ಏನವ್ವಾ ಕಾಯಿಲೆ?"

"ಕುಡಿತ."

"ಯಾರ್ದು? ಗಂಡನ್ದಾ?"

"ಗಂಡ ಸತ್ತು ಎಂಟು ವರ್ಷ. ನಂದೇ. ಬಿಡ್ಲಿಕ್ಕೆ ಒಂದು ಮಾತ್ರೆ ಉಂಟಂತೆ, ಚೀಟಿ ಬೇಕು."

ಕಂಪೌಂಡರ್ ಬೆಂಚಿನ ಕಡೆ ತಿರುಗಿದ. ಒಬ್ಬನೇ ನಗುವುದು ಅವನಿಗೆ ಸೇರುತ್ತಿರಲಿಲ್ಲ. "ಸಾರ್, ಇಲ್ಲೊಬ್ಳು ಬಂದವ್ಳೆ! ಕುಡಿಯಾದು ಬಿಡ್ತಾಳಂತೆ! ಅದಕ್ಕೊಂದು ಮಾತ್ರೆ ಐತಂತೆ!"

ಬೆಂಚು ನಕ್ಕಿತು. ಜ್ವರದಲ್ಲಿ ನಡುಗುತ್ತಿದ್ದವನೊಬ್ಬ ಕಂಬಳಿಯೊಳಗಿಂದ ನಕ್ಕ.

ಡಾಕ್ಟರು ಮೈಸೂರಿನ ಕಡೆಯವರು. ಮಾತು ಮೆತ್ತಗೆ. "ನೋಡಮ್ಮ, ಇಲ್ಲಿ ಪಾನನಿರೋಧ ಇದೆ. ಸಾರಾಯಿ ಇಲ್ಲ. ಸಾರಾಯಿ ಇಲ್ಲದ ಕಡೆ ನೀನು ಹೇಗೆ ಕುಡೀತೀಯ?"

"ಕುಡೀತೇನೆ ಸ್ವಾಮಿ."

"ಎಲ್ಲಿ?"

ಮುದ್ದಿ ಬೆಂಚಿನ ಕಡೆ ನೋಡಿದಳು.

"ನೋಡಿದ್ಯಾ? ನಾನು ಕುಡಿತ ಅಂತ ರಿಜಿಸ್ಟರಿನಲ್ಲಿ ಬರೆದ್ರೆ ಮೇಲಿನವರು ಕೇಳ್ತಾರೆ. ಎಲ್ಲಿ ಸಿಕ್ತು, ಯಾರು ಕೊಟ್ರು ಅಂತ. ಹೊಟ್ಟೆನೋವು ಅಂತ ಬರೀಲಾ?"

"ಹೊಟ್ಟೆನೋವಿಲ್ಲ."

"ಜ್ವರ?"

"ಇಲ್ಲ."

"ಹಾಗಾದರೆ ನಿನಗೆ ಕಾಯಿಲೆ ಇಲ್ಲ."

ಮುದ್ದಿ ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅಲುಗಾಡಿದವು. ಡಾಕ್ಟರು ನೋಡಿದರು. ನಿಶ್ಶಕ್ತಿ ಎಂದು ಬರೆದರು. ಕಂಪೌಂಡರ್ ಮಿಕ್ಸ್ಚರಿಗೆ ಸೀಸೆ ಕೇಳಿದ. ಔಷಧಿಗೆ ಸೀಸೆ ಮನೆಯಿಂದಲೇ ತರಬೇಕೆಂದು ಮುದ್ದಿಗೆ ಗೊತ್ತಿರಲಿಲ್ಲ. ಆದ್ದರಿಂದ ನಿಶ್ಶಕ್ತಿಗೂ ಔಷಧಿ ಸಿಗಲಿಲ್ಲ.

ಹೊರಡುವಾಗ ಡಾಕ್ಟರು ಕರೆದು ಹೇಳಿದರು: "ಬೇಕೇಬೇಕು ಅಂದ್ರೆ ನಿಮ್ಮ ಎಸ್ಟೇಟಿನವರಿಂದ ಒಂದು ಕಾಗದ ತಾ. ನೀನು ಕುಡೀತೀಯ ಅಂತ. ಆಮೇಲೆ ನೋಡೋಣ."

ಕಾಗದ ಕೇಳಿದಾಗ ರೈಟರ್ ದೇರಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಎಂತ ಮುದ್ದಿ, ನೀ ಕುಡೀತಿಯ ಅಂತ ನಾ ಬರ್ದ್ ಕೊಡೊಕಾ? ನಿಂಗೆ ತಲೆ ಸರಿ ಉಟ್ಟಾ?"

"ಡಾಕ್ಟರು ಕೇಳಿದ್ದು ರೈಟ್ರೇ. ಕಾಳಿಗೆ ದಿನ ಹತ್ತಿರ ಬರ್ತಾ ಉಂಟು."

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಮುದ್ದಿ ಕೈ ತೋರಿಸಿದಳು. ದೇರಪ್ಪ ಕೈ ನೋಡಲಿಲ್ಲ. ಸಾವುಕಾರರನ್ನು ಕೇಳಿ ಬರುತ್ತೇನೆಂದು ಬಂಗಲೆಗೆ ಹೋದ. ಮೂರು ವಾರ ದಿನವೂ ಕೇಳಿ ಬರುತ್ತೇನೆಂದ. ಕೊನೆಗೊಂದು ದಿನ ಎಸ್ಟೇಟಿನ ಮೊಹರು ಒತ್ತಿದ ಕಾಗದ ತಂದು ಕೊಟ್ಟ. ಮುದ್ದಿ ಅದನ್ನು ಬಾಳೆಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಓದಲು ಬರುತ್ತಿರಲಿಲ್ಲ. ಮೊಹರಿನ ಕೆಂಪು ಶಾಯಿ ನೋಡಿ ಸಂತೋಷಪಟ್ಟಳು.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಹೊರಗೆ ಸಾವುಕಾರರ ಜೀಪು ನಿಂತಿತ್ತು. ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಮಾತು ಹೊರಗೆ ಬರುತ್ತಿತ್ತು.

"ನಿದ್ದೆ ಹೇಗಿದೆ ಸಾರ್?" ಡಾಕ್ಟರು ಕೇಳಿದರು.

"ಎರಡು ಪೆಗ್ ಹಾಕಿದ್ರೆ ಬರ್ತದೆ. ಇಲ್ಲದಿದ್ರೆ ಎದೆ ಒಂಥರಾ."

"ಹಾಗಾದರೆ ಆರೋಗ್ಯದ ದೃಷ್ಟಿಯಿಂದ ಬೇಕೇಬೇಕು ಅಂತ ಬರೆದುಬಿಡ್ತೀನಿ. ಕುಡಿಯುವ ಪರ್ಮಿಟ್ ಒಂದು ವರ್ಷಕ್ಕೆ ಸಾಕಾ?"

"ಎರಡು ವರ್ಷಕ್ಕೆ ಬರೀಲಿಕ್ಕೆ ಆಗ್ತದಾ?"

"ಕಾಯಿಲೆ ಎರಡು ವರ್ಷದ್ದು ಅಂತ ಬರೆದರೆ ಆಗುತ್ತೆ."

ಬರೆದಾಯಿತು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಬೆಳ್ಳಿಯಪ್ಪನವರು ಹೊರಗೆ ಬಂದರು. ನೆಲದ ಮೇಲೆ ಕೂತಿದ್ದ ಮುದ್ದಿಯನ್ನು ದಾಟಿ ಹೋದರು. ಒಳಗೆ ಹೋಗುವಾಗ ಕೈಯಲ್ಲಿದ್ದ ಪೇಪರು ಸುತ್ತಿದ ಸೀಸೆ ಹೊರಗೆ ಬರುವಾಗ ಇರಲಿಲ್ಲ.

ಸಂತೆ ಮುಗಿಯುವ ಹೊತ್ತಿಗೆ ಮುದ್ದಿಯ ಸರದಿ ಬಂತು. ಕಂಪೌಂಡರ್ ಬಾಳೆಲೆ ಬಿಚ್ಚಿ ಕಾಗದವನ್ನು ಗಟ್ಟಿಯಾಗಿ ಓದಿದ.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಎಸ್ಟೇಟಿನಲ್ಲಿ ಮದ್ಯಪಾನ ಎಂಬುದು ಇರುವುದಿಲ್ಲ. ಮುದ್ದಿ ಎಂಬ ಆಳು ಕೆಲಸ ತಪ್ಪಿಸುವ ಸಲುವಾಗಿ ಇಲ್ಲದ ಕಾಯಿಲೆ ಹೇಳುತ್ತಿದ್ದು, ತಕ್ಕ ಬುದ್ಧಿ ಹೇಳಿ ಕಳಿಸಬೇಕಾಗಿ ಕೋರಿಕೆ."

ಈ ಸಲ ಬೆಂಚು ನಗಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಆಮೇಲೆ ಚೆನ್ನಾಗಿ ನಕ್ಕಿತು.

ಆರು ಮೈಲಿ ಆ ಕಾಗದವನ್ನು ನೆನೆಯದ ಹಾಗೆ ತಂದವಳು ಮುದ್ದಿ. ದಾರಿಯಲ್ಲಿ ಮಳೆ ಬಂದಾಗ ಮೈ ನೆನೆಸಿಕೊಂಡು ಕಾಗದ ಉಳಿಸಿದವಳು.

"ಇನ್ನು ಹೋಗಮ್ಮ" ಎಂದರು ಡಾಕ್ಟರು. "ಎಸ್ಟೇಟಿನವರೇ ಇಲ್ಲ ಅಂತ ಬರೆದಿದ್ದಾರೆ. ಈ ಜಿಲ್ಲೆಯಲ್ಲಿ ಕುಡಿಯುವವರೇ ಇಲ್ಲ."

ಅಷ್ಟು ಹೇಳಲು ಅವರು ಸ್ವಲ್ಪ ಮುಂದಕ್ಕೆ ಬಗ್ಗಿದ್ದರು. ಮುದ್ದಿಯ ಮೂಗು ಆರು ವರ್ಷದ ಕೆಲಸಗಾರ.

"ಸ್ವಾಮಿ, ನೀವು ಕುಡಿದದ್ದು ಶುಕ್ರವಾರದ್ದು" ಎಂದಳು.

"ಏನು?"

"ಶುಕ್ರವಾರದ ಎರಡನೇ ಹಂಡೆ. ತಳ ಹಿಡಿದಿತ್ತು. ನಾನು ಬೇಡ ಅಂದಿದ್ದೆ. ಆಸ್ಪತ್ರೆಗಲ್ವಾ, ನಡೀತದೆ ಅಂದ್ರು ರೈಟ್ರು."

ಕಂಪೌಂಡರ್ ಮಿಕ್ಸ್ಚರ್ ಸೀಸೆಗಳನ್ನು ಎಣಿಸತೊಡಗಿದ. ಬೆಂಚು ತನ್ನ ತನ್ನ ಕಾಯಿಲೆಯ ಕಡೆ ಗಮನ ಕೊಟ್ಟಿತು. ಡಾಕ್ಟರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಒರೆಸಿದರೆ ಹೋಗುವಂಥದ್ದಲ್ಲ ಅದು. ಆಮೇಲೆ ಒಂದು ಚೀಟಿ ಎಳೆದುಕೊಂಡು ಬರೆದರು. ಹೆಸರು ಮುದ್ದಿ. ಕಾಯಿಲೆ ಮದ್ಯದ ಚಟ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ. ಕೆಳಗೆ ಸಹಿ.

"ಇದನ್ನು ತಿನ್ನುವಾಗ ಒಂದು ಹನಿ ನಾಲಿಗೆಗೆ ತಾಗಿದರೂ ಪ್ರಾಣಕ್ಕೆ ಬರುತ್ತೆ. ಗೊತ್ತಾಯ್ತಾ? ಕುಡಿಯೋದು ಬಿಟ್ಟು ಕೆಲವು ದಿನ ಆದ ಮೇಲೇ ಶುರುಮಾಡು. ಮತ್ತೆ, ಶುಕ್ರವಾರ ಗಿಕ್ರವಾರ ಅಂತ ಎಲ್ಲೂ ಬಾಯಿ ಬಿಡಬೇಡ."

ಔಷಧಿ ಅಂಗಡಿಯ ಮಂಜುನಾಥ ಚೀಟಿಯನ್ನು ಬೆಳಕಿಗೆ ಹಿಡಿದು ಮೂರು ಸಲ ಓದಿದ. "ಇಂಥದ್ದು ನಮ್ಮಲ್ಲಿ ಇಡಲ್ಲ ಕಣವ್ವ. ಯಾರೂ ಕೇಳಲ್ಲ. ಬೆಂಗಳೂರಿಗೆ ಬರೆದು ತರಿಸ್ಬೇಕು. ಮೂರ್ನಾಕು ವಾರ ಆಯ್ತದೆ. ಚೀಟಿ ಇಲ್ಲೇ ಇರ್ಲಿ." ಅದನ್ನು ಗೋಡೆಯ ಮೊಳೆಗೆ ಚುಚ್ಚಿದ. ಅಂಗಡಿಗೆ ಬಂದವರಿಗೆಲ್ಲ ಕಾಣುವ ಜಾಗ.

ಮರುದಿನ ಭಟ್ಟಿ ಇತ್ತು.

ಮುದ್ದಿ ಸೌದೆ ಹೊತ್ತಳು. ನೀರು ಹೊತ್ತಳು. ಉರಿ ಹಾಕಿದಳು. ಮೊದಲ ಹನಿಗಳು ಇಳಿದವು. ದೇರಪ್ಪ ಎನಾಮೆಲ್ ಲೋಟ ಚಾಚಿದ.

"ನಾನು ರುಚಿ ನೋಡುದಿಲ್ಲ ರೈಟ್ರೇ."

"ಯಾಕೆ?"

"ಬಿಟ್ಟೆ."

"ಮಾತ್ರೆ ಬಂತಾ?"

"ಬರ್ಬೇಕಷ್ಟೆ."

"ಮತ್ತೆಂತ? ಬರುವವರೆಗೆ ನೋಡು."

"ಬರುವವರೆಗೆ ನೋಡಿದ್ರೆ ಬಂದ ಮೇಲೂ ನೋಡ್ತೇನೆ. ನನ್ನನ್ನ ನಾನು ಕಂಡಿದ್ದೇನೆ."

ಆ ಸಾರಾಯಿ ಪುತ್ತರಿ ಹಬ್ಬಕ್ಕೆ ಹೋಗಬೇಕಾದದ್ದು. ದೇರಪ್ಪನೇ ರುಚಿ ನೋಡಬಹುದಿತ್ತು. ನೋಡಿದರೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಅವನು ಲೋಟ ಕೆಳಗಿಡದೆ ಇನ್ನೊಂದು ಕೈಯಿಂದ ಅವಳ ಮೂಗು ಹಿಡಿದ. ದನಕ್ಕೆ ಔಷಧಿ ಕುಡಿಸುವ ಹಾಗೆ ತಲೆ ಹಿಂದಕ್ಕೆ ಒತ್ತಿದ.

ಮುದ್ದಿ ಹಲ್ಲು ಕಚ್ಚಿದಳು. ಉಸಿರು ಕಟ್ಟಿದಳು. ಸಾರಾಯಿ ತುಟಿಯ ಮೇಲೆ ಬಿತ್ತು, ಗಲ್ಲಕ್ಕೆ ಇಳಿಯಿತು, ಕತ್ತಿಗೆ ಇಳಿಯಿತು, ಎದೆಗೆ ಇಳಿಯಿತು. ಬೆಚ್ಚಗಿತ್ತು. ಇಡೀ ಮೈ ಅದನ್ನು ಕೇಳುತ್ತಿತ್ತು. ನಾಲಿಗೆ ಒಳಗೆ ಹೊರಳಾಡುತ್ತಿತ್ತು. ಕಣ್ಣಲ್ಲಿ ನೀರು ಬಂತು. ಕಿವಿ ಗುಂಯ್‌ಗುಟ್ಟಿತು. ಲೋಟ ಖಾಲಿಯಾಯಿತು. ದೇರಪ್ಪ ಕೈ ಬಿಟ್ಟ.

ಮುದ್ದಿ ಉಸಿರು ಎಳೆದುಕೊಂಡಳು. ಸೆರಗಿನಿಂದ ಮುಖ ಒರೆಸಿದಳು. ಸೆರಗನ್ನು ತೊರೆಯಲ್ಲಿ ತೊಳೆದಳು. ಒಂದಲ್ಲ, ಮೂರು ಸಲ ತೊಳೆದಳು.

"ಈ ಲೈನಲ್ಲಿ ಹೇಗೆ ಇರ್ತಿಯ ನಾನೂ ನೋಡ್ತೇನೆ" ಎಂದ ದೇರಪ್ಪ.

"ನೋಡಿ" ಎಂದಳು.

ಆಮೇಲಿನ ದಿನಗಳ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ. ಮೊದಲ ದಿನ ಬೆವರಿದಳು. ಎರಡನೆಯ ದಿನ ಅನ್ನ ನಿಲ್ಲಲಿಲ್ಲ. ಮೂರನೆಯ ದಿನ ಗೋಡೆಯ ಮೇಲೆಲ್ಲ ಕೆಂಪಿರುವೆ ಹರಿಯಿತು, ಗೋಡೆಯ ಮೇಲೆ ಒಂದೂ ಇರುವೆ ಇರಲಿಲ್ಲ. ನಾಲ್ಕನೆಯ ದಿನ ಮೈ ಸೆಟೆದುಕೊಂಡು ಬಿದ್ದಳು. ಪಕ್ಕದ ಮನೆಯ ಮುದುಕಿ ರಾಮಮ್ಮ ಕೈಗೆ ಕತ್ತಿಯ ಕಬ್ಬಿಣ ಕೊಟ್ಟು, ಬಾಯಿಗೆ ಬಟ್ಟೆ ತುರುಕಿ, ಎದೆಯ ಮೇಲೆ ಕೂತಳು. ಆ ಹೊತ್ತಿನಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಿತ್ತು. ಹೋಗಿದ್ದರೆ ನಿಶ್ಶಕ್ತಿ ಎಂದು ಬರೆಯುತ್ತಿದ್ದರು. ಹತ್ತನೆಯ ದಿನ ಗಂಜಿ ಇಳಿಯಿತು. ಹದಿನೈದನೆಯ ದಿನ ಅವಳು ಎದ್ದು ಕೆಲಸಕ್ಕೆ ಹೋದಳು. ಚೆಕ್‌ರೋಲಿನಲ್ಲಿ ಹೆಸರಿರಲಿಲ್ಲ. ಆರು ವರ್ಷ ಕೀಳದಿದ್ದ ಕಳೆಯ ಕೆಲಸದಿಂದ ಅವಳನ್ನು ತೆಗೆದುಹಾಕಲಾಗಿತ್ತು.

ಹುಚ್ಚು ಹಿಡಿದಂತೆ ಬೇಕು ಅನ್ನಿಸುವುದು ಮಾತ್ರ ನಿಲ್ಲಲಿಲ್ಲ. ಬಿದಿರು ಮೆಳೆಯ ಕಡೆಯಿಂದ ಗಾಳಿ ಬೀಸಿದರೆ ಅವಳು ಬಾಗಿಲು ಹಾಕಿಕೊಂಡು ರಾಮಮ್ಮನಿಗೆ ಹೊರಗಿನಿಂದ ಕೋಲು ಸಿಕ್ಕಿಸಲು ಹೇಳುತ್ತಿದ್ದಳು. ಇಪ್ಪತ್ತೈದನೆಯ ದಿನ ಮಾತ್ರೆ ಕೇಳಲು ಹೋದಳು.

"ಬಂದೈತೆ" ಎಂದ ಮಂಜುನಾಥ. ಡಬ್ಬಿ ತೋರಿಸಿದ. ಬಿಳಿ ಡಬ್ಬಿ. "ಚೀಟಿ ಎಲ್ಲಿ?"

"ನೀವೇ ಇಟ್ಕೊಂಡದ್ದಲ್ವಾ?"

ಮಂಜುನಾಥ ಮೊಳೆ ನೋಡಿದ. ಮೊಳೆ ಇತ್ತು. "ನಿಮ್ಮ ರೈಟ್ರು ಬಂದು ತಕಂಡು ಹೋದ್ರು. ಎಸ್ಟೇಟಿಂದ ನಾವೇ ಮಾತ್ರೆ ಕೊಡಿಸ್ತೀವಿ ಅಂದ್ರು. ಆಮೇಲೆ ಅದು ಸ್ಟೇಷನ್‌ಗೆ ಹೋಯ್ತು ಅಂತ ಕೇಳಿದೆ."

"ಮಾತ್ರೆ ಕೊಡಿ. ಚೀಟಿ ಇದ್ದದ್ದು ನೀವೇ ಕಂಡಿದ್ದೀರಿ."

"ಕಂಡೀನಿ. ಕಂಡ್ರೆ ಆಗಲ್ಲ, ಕೈಯಲ್ಲಿರ್ಬೇಕು. ನಾಳೆ ಇನ್ಸ್ಪೆಕ್ಷನ್ ಬಂದ್ರೆ ಏನು ತೋರಿಸ್ಲಿ?"

ಆಸ್ಪತ್ರೆಗೆ ಹೋದಳು. ಡಾಕ್ಟರು ತಲೆ ಎತ್ತಲಿಲ್ಲ. ಒಂದು ಸಲ ಬರೆದದ್ದೇ ತಪ್ಪಾಯಿತು, ಇನ್ನೊಂದು ಬರೆಯುವುದಿಲ್ಲ ಎಂದರು. ಠಾಣೆಗೆ ಹೋದಳು. ಚೀಟಿ ಇಲ್ಲಿದೆ, ಆದರೆ ಅದು ಈಗ ಸಾಕ್ಷಿ, ಕೊಡುವ ಹಾಗಿಲ್ಲ ಎಂದರು. ಯಾವುದರ ಸಾಕ್ಷಿ ಎಂದು ಕೇಳಿದಳು. ನಿನ್ನದೇ ಎಂದರು. ಜಿಲ್ಲೆಯಲ್ಲಿ ಒಬ್ಬ ಕುಡುಕಿ ಇದ್ದಾಳೆಂದು ಡಾಕ್ಟರೇ ಸಹಿ ಹಾಕಿದ್ದಾರೆ. ಅಂಥ ಕಾಗದ ಸಿಕ್ಕಿದ್ದು ಇದೇ ಮೊದಲು. ಕೇಸು ಆಗುತ್ತದೆ, ಕಾನ್‌ಸ್ಟೇಬಲ್ ಬಂದು ಕರೆಯುತ್ತಾನೆ, ಮನೆಯಲ್ಲಿರು.

ಅವಳು ಮನೆಗೆ ಬಂದಳು.

ಮೂರನೆಯ ದಿನ ಬೆಳಿಗ್ಗೆ ಕಾಳಿಗೆ ನೋವು ಬಂತು. ಕಾಳಿ ಹೇಳಿದಂತೆಯೇ ಗೋಡೆ ಹಿಡಿದುಕೊಂಡಳು. ಮಧ್ಯಾಹ್ನವಾಯಿತು. ಗೋಡೆಯಿಂದ ಏನೂ ಆಗಲಿಲ್ಲ. ರಾಮಮ್ಮನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮುದ್ದಿ ಬಾಗಿಲ ಹೊರಗೆ ನಿಂತಿದ್ದಳು.

"ಅವ್ವಾ" ಎಂದಳು ಕಾಳಿ. "ಕೈ ತೋರ್ಸು."

ಮುದ್ದಿ ಒಳಗೆ ಬಂದು ಕೈ ಚಾಚಿದಳು.

"ನಡುಗ್ತಾ ಉಂಟು."

"ಸ್ವಲ್ಪ ಉಂಟು. ಒಣಬಟ್ಟೆ ಸುತ್ತಿಕೊಳ್ತೇನೆ. ಜಾರೋದಿಲ್ಲ."

"ಬಾಯಿ ಊದು."

ಮುದ್ದಿ ಮಗಳ ಮುಖದ ಮೇಲೆ ಊದಿದಳು. ಕಾಳಿ ಕಣ್ಣು ಮುಚ್ಚಿ ಮೂಸಿದಳು. ಗೋಡೆ ಬಿಟ್ಟು ತಾಯಿಯ ಭುಜ ಹಿಡಿದಳು.

ಕೂಸಿನ ತಲೆ ಕಾಣುವ ಹೊತ್ತಿಗೆ ಹೊರಗೆ ಕಾನ್‌ಸ್ಟೇಬಲ್ ಬಂದ. "ಕುಡುಕಿ ಮುದ್ದಿ ಅಂದ್ರೆ ಯಾರು?"

"ನಾನೇ" ಎಂದಳು ಮುದ್ದಿ ಒಳಗಿನಿಂದ. "ನಿಲ್ಲಿ. ತಲೆ ಬಂದಿದೆ, ಹೆಗಲು ಬರ್ಬೇಕು."

ಕಾನ್‌ಸ್ಟೇಬಲ್ ಟೋಪಿ ತೆಗೆದು ನಿಂತ. ಹೆಗಲು ಬಂತು. ಕೂಸು ಬಂತು. ಹೆಣ್ಣು. ಬಟ್ಟೆ ಸುತ್ತಿದ ಎರಡು ಅಂಗೈಗಳ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಅತ್ತಿತು. ಮುದ್ದಿ ಹೆರಿಗೆಯ ಕಸ ಬೀಳುವವರೆಗೆ ಕಾದಳು. ಹೊಕ್ಕುಳು ಕಟ್ಟಿದಳು. ಕೂಸನ್ನು ಕಾಳಿಯ ಎದೆಯ ಮೇಲೆ ಮಲಗಿಸಿದಳು. ರಾಮಮ್ಮನಿಗೆ ಬಿಸಿನೀರು ಹೇಳಿದಳು. ಕೈ ತೊಳೆದುಕೊಂಡು ಹೊರಗೆ ಬಂದಳು.

"ಗಂಡೋ ಹೆಣ್ಣೋ?" ಎಂದು ಕೇಳಿದ ಕಾನ್‌ಸ್ಟೇಬಲ್.

"ಹೆಣ್ಣು. ಏನು ಬರೀಬೇಕು ಬರೀರಿ."

ಅವನು ಪುಸ್ತಕ ತೆಗೆದ. "ಎಲ್ಲಿ ಕುಡಿದದ್ದು ಅಂತ ಒಂದು ಬರೀಬೇಕು. ಸುಮ್ನೆ ರಸ್ತೆ ಬದಿ ಅಂತ ಹಾಕ್ತೇನೆ ಮಾರಾಯ್ತಿ. ಹೆಬ್ಬೆಟ್ಟು ಒತ್ತು."

"ರಸ್ತೆ ಬದಿ ಕುಡಿದಿಲ್ಲ. ಬನ್ನಿ, ಜಾಗ ತೋರಿಸ್ತೇನೆ."

"ಬೇಡ."

"ಬರೀಬೇಕಲ್ವಾ ನೀವು?"

ಅವಳು ಹೊರಟಳು. ಆರೋಪಿ ಹೊರಟರೆ ಪೊಲೀಸು ಹಿಂದೆ ಹೋಗಬೇಕು. ಅವನು ಹೋದ. ಕಾಫಿ ಗಿಡಗಳ ನಡುವೆ ಇಳಿದು ತೊರೆಯ ಸದ್ದು ಕೇಳುವ ಜಾಗಕ್ಕೆ ಬಂದಾಗ ಅವನ ಕಾಲು ನಿಂತಿತು. "ಇಲ್ಲಿಂದ ಮುಂದೆ ನಾನು ಬರ್ಬಾರ್ದು ಮುದ್ದಿ. ನಂಗೂ ಮಕ್ಕಳುಂಟು."

"ದಾರಿ ಗೊತ್ತುಂಟು ಹಾಗಾದ್ರೆ ನಿಮಗೆ" ಎಂದಳು.

ಅವನು ಕಾಫಿ ಗಿಡದ ಎಲೆ ನೋಡುತ್ತಾ ನಿಂತ. ಮುದ್ದಿ ಮೆಳೆಯೊಳಗೆ ಹೋದಳು. ಅಂದು ಭಟ್ಟಿ ಇರಲಿಲ್ಲ, ಯಾರೂ ಇರಲಿಲ್ಲ. ಹಂಡೆಯನ್ನು ಒಲೆಯಿಂದ ಎತ್ತಿದಳು. ತಳದಲ್ಲಿ ಉಳಿದದ್ದನ್ನು ಬಗ್ಗಿಸಿ ತೊರೆಗೆ ಚೆಲ್ಲಿದಳು. ಬಗ್ಗಿಸುವಾಗ ಮುಖ ಆಚೆ ತಿರುಗಿಸಿದ್ದಳು. ಸಾರಾಯಿ ಇಳಿಯುವ ಕೊಳವೆಯನ್ನು ಬಳ್ಳಿಯಿಂದ ಹಂಡೆಗೆ ಕಟ್ಟಿದಳು. ಸಿಂಬಿ ಸುತ್ತಿ ತಲೆಗೆ ಇಟ್ಟಳು. ಎರಡು ಕೊಡ ನೀರಿನಷ್ಟು ಭಾರ. ಅವಳಿಗೆ ಅದು ಹೊಸ ಭಾರವಲ್ಲ.

ಹಂಡೆ ಹೊತ್ತು ಅವಳು ಕಾಫಿ ಕಣದ ಮುಂದೆ ಹಾದಳು. ಪಿಕ್ಕಿಂಗಿನಿಂದ ಬರುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಬಂಗಲೆಯ ಗೇಟಿನ ಹತ್ತಿರ ದೇರಪ್ಪ ಓಡಿ ಬಂದ. ಕೈ ಎತ್ತಿದ. ಅವಳ ಹಿಂದೆ ಹತ್ತು ಮಾರು ದೂರದಲ್ಲಿ ಕಾನ್‌ಸ್ಟೇಬಲ್ ಬರುತ್ತಿದ್ದ. ಅವನು ಇವಳು ಯಾರೋ ತಾನು ಯಾರೋ ಎಂಬಂತೆ ನಡೆಯುತ್ತಿದ್ದ, ಆದರೂ ಖಾಕಿ ಖಾಕಿಯೇ. ಕಣದ ತುಂಬ ಹೆಂಗಸರಿದ್ದರು. ದೇರಪ್ಪ ಎತ್ತಿದ ಕೈಯನ್ನು ತಲೆಗೆ ಕೊಂಡುಹೋಗಿ ಕೆರೆದುಕೊಂಡ.

ಪೇಟೆ ಆರು ಮೈಲಿ. ದಾರಿಯಲ್ಲಿ ಬಸ್ಸು ಬಂತು. ಬಸ್ಸಿನವರು ತಲೆ ಹೊರಗೆ ಹಾಕಿ ನೋಡಿದರು. ಆಸ್ಪತ್ರೆಯ ಮುಂದೆ ಹಾದಳು. ಔಷಧಿ ಅಂಗಡಿಯ ಮುಂದೆ ಹಾದಳು. ಠಾಣೆಯ ಮೆಟ್ಟಿಲು ಹತ್ತಿದಳು. ಒಳಗೆ ಹೋಗಿ ದಫೇದಾರರ ಮೇಜಿನ ಮೇಲೆ ಹಂಡೆ ಇಳಿಸಿದಳು. ಶಾಯಿಯ ದೌತಿ ಉರುಳಿತು. ಕೋಣೆಯ ತುಂಬ ವಾಸನೆ ಹರಡಿತು.

"ಏನಿದು?" ಎಂದು ದಫೇದಾರ ಕುರ್ಚಿ ಹಿಂದಕ್ಕೆ ತಳ್ಳಿದ.

"ಸಾಕ್ಷಿ" ಎಂದಳು ಮುದ್ದಿ. "ಬೆಳ್ಳಿಯಪ್ಪ ಸಾವುಕಾರರದ್ದು. ಇದನ್ನ ಇಟ್ಕೊಳ್ಳಿ. ನನ್ನ ಚೀಟಿ ಕೊಡಿ. ಅಂಗಡಿ ಆರು ಗಂಟೆಗೆ ಮುಚ್ತಾರೆ."

ದಫೇದಾರ ಕಾನ್‌ಸ್ಟೇಬಲ್ ಕಡೆ ನೋಡಿದ. ಕಾನ್‌ಸ್ಟೇಬಲ್ ಹೊರಗೆ ನೋಡಿದ. ಮೆಟ್ಟಿಲ ಕೆಳಗೆ ಜನ ಸೇರಿದ್ದರು. ಮುದ್ದಿ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಹೊರಗೆ ಹೋಗಬೇಕಾದವರು ಅವಳನ್ನು ದಾಟಿಯೇ ಹೋಗಬೇಕು. ಯಾರೂ ದಾಟಲಿಲ್ಲ.